ನಾಲ್ಕು ಸಲ ಬಂದ ಬೆಂಕಿ

ನನ್ನ ಬಲಗೈ ತೋರುಬೆರಳಿಗೆ ಒಂದು ಚಾಳಿ ಇದೆ. ಯಾರೇ ಮಾತಾಡಲಿ, ಅದು ತನ್ನಷ್ಟಕ್ಕೆ ತಾನೇ ಬರೆದುಕೊಳ್ಳಲು ಶುರುಮಾಡುತ್ತದೆ. ಬಸ್ಸಿನಲ್ಲಿ ಕೂತರೆ ತೊಡೆಯ ಮೇಲೆ, ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ, ಮದುವೆ ಮನೆಯಲ್ಲಿ ಒಮ್ಮೆ ಪಕ್ಕದಲ್ಲಿ ಕೂತ ಬೀಗಿತ್ತಿಯ ಸೀರೆಯ ಮೇಲೆ. ಪುರೋಹಿತರ ಮಂತ್ರ, ಸೊಪ್ಪಿನ ಗಾಡಿಯವನ ಮೈಕು, ಟೀವಿಯ ವಾರ್ತೆ, ಅದಕ್ಕೆ ಯಾವ ಭೇದವೂ ಇಲ್ಲ. ನಮ್ಮವರು, ಎಂದರೆ ಯಜಮಾನರು, ಬೈದದ್ದನ್ನೂ ಬರೆದುಕೊಳ್ಳುತ್ತದೆ. "ಬರ್ಕೋ, ಬರ್ಕೋ, ಮೇಲೆ ಹೋದ್ಮೇಲೆ ಚಿತ್ರಗುಪ್ತನಿಗೆ ಒಪ್ಪಿಸು" ಎಂದು ಅವರು ಹೇಳಿದರೆ ಅದನ್ನೂ ಬರೆದುಕೊಳ್ಳುತ್ತದೆ.

ನಾನು ಸ್ಟೆನೋ ಆಗಿದ್ದವಳು. ಸರ್ಕಾರದ ಕನ್ನಡದಲ್ಲಿ ಶೀಘ್ರಲಿಪಿಗಾರ್ತಿ. ಈಗಿನವರಿಗೆ ಬಿಡಿಸಿ ಹೇಳಬೇಕಾದೀತು. ಸಾಹೇಬರು ಮಾತಿನ ಓಟದಲ್ಲಿ ಹೇಳಿದ್ದನ್ನು ಗೆರೆ, ಕೊಕ್ಕೆ, ಚುಕ್ಕಿಗಳಲ್ಲಿ ಗೀಚಿಕೊಂಡು, ಆಮೇಲೆ ಅಕ್ಷರಕ್ಕಿಳಿಸಿ ಟೈಪು ಮಾಡಿ ಕೊಡುವ ಕೆಲಸ. ಮೂವತ್ತು ವರ್ಷಕ್ಕೂ ಮೇಲೆ ನಾನು ಬೇರೆಯವರ ಮಾತನ್ನು ಬರೆದೆ. ಅಷ್ಟೂ ವರ್ಷಗಳಲ್ಲಿ "ವಿಶಾಲಾಕ್ಷಿ, ಇದರ ಬಗ್ಗೆ ನಿಮಗೇನು ಅನ್ನಿಸುತ್ತೆ?" ಎಂದು ಕೇಳಿದವರು ಯಾರೂ ಇಲ್ಲ. ಕೇಳಬೇಕು ಎಂದು ನನಗೂ ಹೊಳೆದಿರಲಿಲ್ಲ ಅನ್ನಿ. ಟೈಪ್‌ರೈಟರನ್ನು ಯಾರಾದರೂ ಅಭಿಪ್ರಾಯ ಕೇಳುತ್ತಾರೆಯೇ?

ಹಾಗಿರುವಾಗ ಮೊನ್ನೆ ಫೆಬ್ರವರಿಯಲ್ಲಿ, ಅಮೃತಹಳ್ಳಿಯ ನಮ್ಮ ಮನೆಯ ಮಹಡಿ ಮೇಲೆ ಬಾಡಿಗೆಗಿರುವವರ ಮಗಳು ಚೈತ್ರ ದಡದಡನೆ ಮೆಟ್ಟಿಲಿಳಿದು ಬಂದಳು. ಕಾಲೇಜು ಮುಗಿಸಿ ಏನೋ ಕಾರ್ಯಕ್ರಮ ನಡೆಸುವ ಕೆಲಸ ಮಾಡುತ್ತಾಳೆ. ಕೂದಲಿಗೆ ಒಂದು ತಿಂಗಳು ನೀಲಿ, ಇನ್ನೊಂದು ತಿಂಗಳು ಕೆಂಪು.

"ಆಂಟಿ, ಭಾನುವಾರ ಫ್ರೀ ಇದ್ದೀರಾ? ಒಂದು ಜಡ್ಜ್ ಕೆಲಸ ಇದೆ."

"ಯಾವ ಕೋರ್ಟಲ್ಲಮ್ಮ?"

"ಕೋರ್ಟಲ್ಲ ಆಂಟಿ, ಪಾರ್ಕಲ್ಲಿ. ರ‍್ಯಾಪ್ ಬ್ಯಾಟಲ್."

ರ‍್ಯಾಪ್ ಎಂದರೆ ನನಗೆ ಆ ಕ್ಷಣ ಹೊಳೆದದ್ದು ಉಡುಗೊರೆಗೆ ಸುತ್ತುವ ಬಣ್ಣದ ಕಾಗದ. ಯಾರು ಬೇಗ ಸುತ್ತುತ್ತಾರೆ ಎಂಬ ಪಂದ್ಯ ಇರಬಹುದು, ಅದನ್ನು ನೋಡಿ ಹೇಳುವುದೇನು ಮಹಾ ಎಂದುಕೊಂಡು ಒಪ್ಪಿಬಿಡುತ್ತಿದ್ದೆ. ಅಷ್ಟರಲ್ಲಿ ಅವಳೇ ವಿವರಿಸಿದಳು. ಇಬ್ಬರು ಎದುರಾಬದುರು ನಿಂತು, ತಾಳಕ್ಕೆ ಸರಿಯಾಗಿ, ಪ್ರಾಸ ಕಟ್ಟಿ, ಒಬ್ಬರನ್ನೊಬ್ಬರು ಬೈಯಬೇಕು. ಮೂರು ಸುತ್ತು. ಪ್ರತಿ ಸುತ್ತಿನಲ್ಲಿ ಎದುರಾಳಿ ಹೇಳಿದ್ದಕ್ಕೆ ಉತ್ತರ ಕೊಡಬೇಕು. ಕೊನೆಗೆ ಮೂವರು ತೀರ್ಪುಗಾರರು ಗೆದ್ದವರನ್ನು ಹೇಳಬೇಕು.

"ಅದಕ್ಕೆ ನಾನ್ಯಾಕೆ?"

"ಹೋದ್ಸಲ ದೊಡ್ಡ ಜಗಳ ಆಗೋಯ್ತು ಆಂಟಿ. ಯಾರ್ ಏನ್ ಹೇಳಿದ್ರು ಅಂತಾನೇ ಯಾರಿಗೂ ನೆನಪಿಲ್ಲ. ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರೆ ಬರೀ ಕಿರುಚಾಟ ಕೇಳ್ಸುತ್ತೆ. ಈ ಸಲ ಒಬ್ರು ಜಡ್ಜಿಗೆ ಜ್ವರ ಬೇರೆ. ನೀವು ಅಷ್ಟು ಸ್ಪೀಡಾಗಿ ಬರೀತೀರಲ್ಲ, ಸುಮ್ನೆ ಕೂತು ಬರ್ಕೊಳ್ಳಿ ಸಾಕು. ಡಿಸೈಡ್ ಮಾಡೋದು ಉಳಿದ ಇಬ್ರು ಮಾಡ್ತಾರೆ."

ಸುಮ್ಮನೆ ಕೂತು ಬರೆದುಕೊಳ್ಳುವುದು. ಅದರಲ್ಲಿ ನನಗಿರುವಷ್ಟು ಅನುಭವ ಈ ರಾಜ್ಯದಲ್ಲಿ ಎಷ್ಟು ಜನಕ್ಕಿದೆ? ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಭಯ ಶುರುವಾಯಿತು. ಚೈತ್ರ ಕಳಿಸಿದ ವಿಡಿಯೋಗಳನ್ನು ಹಾಕಿಕೊಂಡು ಅಭ್ಯಾಸಕ್ಕೆ ಕೂತೆ. ಮೊದಲ ದಿನ ನನ್ನ ಪೆನ್ಸಿಲು ಮೂರನೇ ಸಾಲಿಗೇ ಕೈಕೊಟ್ಟಿತು. ನಮ್ಮ ಸಾಹೇಬರುಗಳು ಎಷ್ಟು ನಿಧಾನಸ್ಥರು, ಎಷ್ಟು ಕರುಣಾಳುಗಳು ಎಂದು ಅವತ್ತು ತಿಳಿಯಿತು. ಒಂದು ವಾಕ್ಯ ಹೇಳಿ, ಕನ್ನಡಕ ಒರೆಸಿ, ಕಿಟಕಿ ನೋಡಿ, "ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಕೇಳುತ್ತಿದ್ದವರು ಅವರು. ಈ ಹುಡುಗರಿಗೆ ಪೂರ್ಣವಿರಾಮ ಎಂಬುದೇ ಗೊತ್ತಿಲ್ಲ. ನಮ್ಮವರು ಅಡುಗೆಮನೆಯಿಂದ ಇಣುಕಿ, "ಟೀವಿ ಕೆಟ್ಟೋಯ್ತಾ? ಒಂದೇ ಸಮ ಬಡ್ಕೋತಿದೆ" ಎಂದರು. ನಾಲ್ಕನೇ ದಿನಕ್ಕೆ ಕೈ ಹಿಡಿತಕ್ಕೆ ಬಂತು. ಐದನೇ ದಿನ ಕುಕ್ಕರಿನ ಕೂಗೂ ತಾಳಕ್ಕೆ ಬರುತ್ತಿದೆ ಅನ್ನಿಸತೊಡಗಿತು.

ನಿಜ ಹೇಳಬೇಕೆಂದರೆ ಪ್ರಾಸ ಕಟ್ಟಿ ಬೈಯುವುದನ್ನು ನಾನು ಮೊದಲು ಕೇಳಿದ್ದು ಮೊಬೈಲಿನಲ್ಲಲ್ಲ, ಯಶವಂತಪುರದಲ್ಲಿ. ನಾನು ಚಿಕ್ಕವಳಿದ್ದಾಗ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಇಡೀ ಗಲ್ಲಿಗೆ ಒಂದೇ ನಲ್ಲಿ. ಬೆಳಿಗ್ಗೆ ಆರಕ್ಕೆ ನೀರು ಬರುವ ಮೊದಲೇ ಕೊಡಗಳ ಸಾಲು, ಆ ಸಾಲಿನ ತಲೆಯಲ್ಲಿ ದಿನವೂ ಇಬ್ಬರು: ಹೂವು ಮಾರುತ್ತಿದ್ದ ತಾಯಮ್ಮ, ರೈಲ್ವೆ ಕೂಲಿಯ ಹೆಂಡತಿ ಪುಟ್ಟಗೌರಮ್ಮ. ಇಬ್ಬರಿಗೂ ಮೊದಲ ಕೊಡ ತಮ್ಮದೇ ಆಗಬೇಕು.

"ನಲ್ಲಿ ಉಟ್ಟೋಕ್ ಮುಂಚೆ ಉಟ್ಟಿದೀನಿ ಕಣಮ್ಮಿ ನಾನು, ಎಲ್ಲಾರಿಗಿಂತ ಮುಂಚೆ!" ಎನ್ನುವಳು ತಾಯಮ್ಮ.

"ಉಟ್ಟಿದ್ದು ಮುಂಚೆ, ಬುದ್ಧಿ ಬಂದಿದ್ದು ಇಂಚಿಂಚೆ!" ಎಂದು ಪುಟ್ಟಗೌರಮ್ಮ ಅದಕ್ಕೆ ಅಲ್ಲೇ ಗಂಟು ಹಾಕುವಳು.

"ನಿನ್ನ ಕೊಡ ತೂತು, ನಿನ್ನ ಬಾಯಿ ಮಾತು, ಎರಡೂ ನಿಲ್ಲಾಕಿಲ್ಲ!" ಎಂದು ಮತ್ತೆ ತಾಯಮ್ಮ.

ಸಾಲಿನಲ್ಲಿದ್ದವರೆಲ್ಲ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. "ಅಂಥದ್ದೆಲ್ಲ ಕೇಳಬಾರದು" ಎಂದು ನನ್ನ ಕಿವಿ ಮುಚ್ಚುತ್ತಿದ್ದ ಅಮ್ಮ, ತನ್ನ ಕಿವಿಯನ್ನು ಮಾತ್ರ ತೆರೆದೇ ಇಟ್ಟುಕೊಳ್ಳುತ್ತಿದ್ದಳು. ವಿಚಿತ್ರವೆಂದರೆ, ನೀರು ನಿಂತ ಮೇಲೆ ಅದೇ ತಾಯಮ್ಮ ಪುಟ್ಟಗೌರಮ್ಮನ ತಲೆ ಮೇಲೆ ಕೊಡ ಎತ್ತಿ ಇಡುತ್ತಿದ್ದಳು. ಪುಟ್ಟಗೌರಮ್ಮ ಊರಿಗೆ ಹೋದ ದಿನ ತಾಯಮ್ಮ ನಲ್ಲಿಯ ಹತ್ತಿರ ಮಂಕು ಬಡಿದವಳಂತೆ ನಿಂತಿರುತ್ತಿದ್ದಳು. ಅವತ್ತು ಮೊದಲ ಕೊಡ ಅವಳದೇ ಆದರೂ ಅದರಲ್ಲಿ ರುಚಿ ಇರುತ್ತಿರಲಿಲ್ಲ.

ಆಯಿತು, ಭಾನುವಾರಕ್ಕೆ ಬರುತ್ತೇನೆ. ಸಹಕಾರನಗರದ ಪಾರ್ಕಿನ ಬಯಲು ರಂಗಮಂದಿರ, ಸಂಜೆ ನಾಲ್ಕು ಗಂಟೆ. ನಾನು ಮೈಸೂರು ಸಿಲ್ಕ್ ಉಟ್ಟುಕೊಂಡು ಹೋಗಿದ್ದೆ, ತೀರ್ಪುಗಾರ್ತಿಯಲ್ಲವೇ. ಅಲ್ಲಿ ನೋಡಿದರೆ ಮೊಣಕಾಲು ಹರಿದ ಪ್ಯಾಂಟುಗಳ ಸಮುದ್ರ. ಚೀಲದಲ್ಲಿ ಚೂಪು ಮಾಡಿದ ಆರು ಪೆನ್ಸಿಲು, ಹಳೆಯ ಶೀಘ್ರಲಿಪಿ ಪುಸ್ತಕ. "ಯಾರದೋ ಅಜ್ಜಿ ದಾರಿ ತಪ್ಪಿ ಬಂದವ್ರೆ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿಸಿತು. ಬೆರಳು ಅದನ್ನೂ ಸೀರೆಯ ಮೇಲೆ ಬರೆದುಕೊಂಡಿತು. ನನ್ನ ಎಡಗಿವಿ ಸ್ವಲ್ಪ ಮಂದ, ಹಾಗಾಗಿ ವೇದಿಕೆಗೆ ಅಂಟಿಕೊಂಡಂತೆ ಕುರ್ಚಿ ಹಾಕಿಸಿಕೊಂಡೆ. ಉಳಿದಿಬ್ಬರು ತೀರ್ಪುಗಾರರು ನಾಲ್ಕು ಮಾರು ಹಿಂದೆ, ಸ್ಪೀಕರಿನ ಪಕ್ಕ. ಒಬ್ಬರು ಕಾಲೇಜಿನಲ್ಲಿ ಕನ್ನಡ ಹೇಳುವ ಪ್ರಕಾಶ್ ಮೇಷ್ಟ್ರು, ಇನ್ನೊಬ್ಬ ಈ ಹಾಡುಗಳಿಗೆ ತಾಳ ಕೂರಿಸುವ ವಿಕ್ಕಿ. ವಿಕ್ಕಿಯ ಕಿವಿಯಲ್ಲಿ ನನ್ನ ಎರಡು ಕಿವಿಯಲ್ಲಿರುವುದಕ್ಕಿಂತ ಹೆಚ್ಚು ಓಲೆಗಳಿದ್ದವು.

ಫೈನಲ್‌ಗೆ ನಿಂತವರು ಸಾಣೆ ಮತ್ತು ಮಸಿ. ಅವು ಅವರೇ ಇಟ್ಟುಕೊಂಡ ಹೆಸರು. ಸಾಣೆ ಎಂದರೆ ಟಿ. ದಾಸರಹಳ್ಳಿಯ ಮುನಿರಾಜು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮೆಷಿನ್ನಿನ ಮೇಲೆ ಕೆಲಸ. ಗಟ್ಟಿ ಆಳು, ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಕಲೆ. ಮಸಿ ಎಂದರೆ ಆರ್.ಟಿ. ನಗರದ ನಾಜಿಯಾ, ಮೆಡಿಕಲ್ ಸ್ಟೋರಿನಲ್ಲಿ ಔಷಧಿ ಕೊಡುವವಳು. ತಲೆಗೆ ಬೂದು ಬಣ್ಣದ ಸ್ಕಾರ್ಫು, ಕಾಲಿಗೆ ಕೇಸರಿ ಬಣ್ಣದ ಬೂಟು, ಕಡ್ಡಿಯಂಥ ಹುಡುಗಿ. ಹಿಂದೆ ಎರಡು ಸಲ ಇಬ್ಬರೂ ಎದುರಾಗಿ ಒಂದೊಂದು ಸಲ ಗೆದ್ದಿದ್ದರಂತೆ. ಈ ಸಲ ಗೆದ್ದವರು ಬೆಂಗಳೂರಿನ ಪರವಾಗಿ ಹುಬ್ಬಳ್ಳಿಯ ದೊಡ್ಡ ಕೂಟಕ್ಕೆ ಹೋಗುವವರು. ಅದಕ್ಕೇ ದಾಸರಹಳ್ಳಿಯಿಂದ ಒಂದು ಗುಂಪು ತಮಟೆ ಸಮೇತ ಬಂದಿತ್ತು.

ಮೊದಲು ಸಾಣೆ ಮೈಕು ಹಿಡಿದ.

"ಪೀಣ್ಯದ ಪಾಳಿ ಮುಗಿಸಿ ಬಂದೆ, ಮೈಯೆಲ್ಲ ಗ್ರೀಸು,
ಮಾತಿಗ್ ಸಾಣೆ ಹಿಡಿದು ಬಂದೆ, ಕೇಳಲ್ಲ ಫೀಸು,
ಕಬ್ಬಿಣಾನೇ ಕೊರೀತೀನಿ, ಕಾಗದ ಯಾವ ಲೆಕ್ಕ?
ಮಸಿನ ಒರೆಸಿ ಹೋಗ್ತೀನಿ, ಇವತ್ತು ಇದು ಪಕ್ಕಾ!"

ತಮಟೆ ಮೊಳಗಿತು. ಒಂದು ವಿಷಯ ನಾನು ಗಮನಿಸಿದೆ. ಮಾತಾಡುವಾಗ ಹಕಾರವನ್ನೆಲ್ಲ ನುಂಗುವ ಹುಡುಗ, ಹಾಡುವಾಗ ಒಂದನ್ನೂ ಬಿಡುತ್ತಿರಲಿಲ್ಲ. ಎಷ್ಟು ದಿನ ಮೆಷಿನ್ನಿನ ಸದ್ದಿನ ನಡುವೆ ಒಬ್ಬನೇ ಬಾಯಿಪಾಠ ಮಾಡಿದ್ದನೋ. ಮಸಿ ಎರಡು ಹೆಜ್ಜೆ ಮುಂದೆ ಬಂದಳು. ಕಿರುಚಲಿಲ್ಲ, ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುವವಳ ದನಿ.

"ಒರೆಸೋಕ್ ಬಂದ್ರೆ ಹರಡ್ಕೋತೀನಿ, ಇದು ಮಸಿಯ ಬುದ್ಧಿ,
ನಿನ್ನ ಕೈಯೇ ಕಪ್ಪಾದ್ಮೇಲೆ ಗೊತ್ತಾಯ್ತಾ ಸುದ್ದಿ?
ಸಾಣೆ ಕಲ್ಲು ಸುತ್ತಿ ಸುತ್ತಿ ಸವೆದುಹೋಗೋ ಬಾಳು,
ಚೂಪಾಗೋದು ಬೇರೆ ಕತ್ತಿ, ಕಲ್ಲಿಗ್ ಬರೀ ಧೂಳು."

ಜನ ಎದ್ದು ನಿಂತರು. ನಾನು ಬರೆಯುವುದನ್ನು ನಿಲ್ಲಿಸಲಿಲ್ಲ, ಆದರೆ ರೋಮಾಂಚನವಾಯಿತು. ಈ ಊರಿನಲ್ಲಿ ಕನ್ನಡ ಎಲ್ಲಿದೆ ಎಂದು ನಮ್ಮ ವಾಕಿಂಗ್ ಗುಂಪಿನವರು ದಿನಾ ಅತ್ತುಕೊಳ್ಳುವ ಪಾರ್ಕು ಅದೇ. ಅದೇ ಕಲ್ಲುಬೆಂಚುಗಳ ನಡುವೆ ಇಬ್ಬರು ಮಕ್ಕಳು ಕನ್ನಡವನ್ನು ಚೆಂಡಿನ ಹಾಗೆ ಪುಟಿಸುತ್ತಿದ್ದರು. ಹಿಂದಿನಿಂದ ಯಾರೋ "ಒನ್ಸ್ ಮೋರ್!" ಎಂದು ನಾಟಕದ ಟೆಂಟಿನಲ್ಲಿ ಕೂಗಿದಂತೆ ಕೂಗಿದರು. ತಿರುಗಿ ನೋಡಿದರೆ ನಮ್ಮವರು. "ನಾನ್ಯಾಕೆ ಬರಲಿ ಆ ಗಲಾಟೆಗೆ" ಎಂದು ಮನೆಯಲ್ಲೇ ಉಳಿದಿದ್ದವರು, ಕಾಫಿ ಫ್ಲಾಸ್ಕು ಹಿಡಿದುಕೊಂಡು ಬಂದು ಬೇವಿನ ಮರದ ಕೆಳಗೆ ನಿಂತಿದ್ದರು.

ಎರಡನೇ ಸುತ್ತು ಬಿಸಿಯಾಯಿತು. ಸಾಣೆ ಕಣ್ಣು ಕೆಂಪಗೆ ಮಾಡಿಕೊಂಡು ನುಗ್ಗಿದ.

"ನನ್ನ ಹಾಡು ಬೆಂಕಿ ಕಣೇ, ನನ್ನ ಪಾಡು ಬೆಂಕಿ,
ಚಕ್ರ ತಾಕಿದ್ ಕಡೇಲೆಲ್ಲ ಕಿಡಿ ಕಾರ್ತದೆ ಬೆಂಕಿ,
ಮನೇಲೊಂದು ಮಾತು ನಿಂದು, ಮೈಕ್‌ನಲ್ಲಿ ಇನ್ನೊಂದು,
ಬಾಡಿಗೆ ಕನ್ನಡ ತಂದು ನೀನು ಹಚ್ತೀಯಾ ಹೆಂಗೆ ಬೆಂಕಿ?"

ಅರ್ಧ ಜನ ಕೇಕೆ ಹಾಕಿದರು, ಇನ್ನರ್ಧ ಜನ ಸುಮ್ಮನಾದರು. ಬೈಗುಳ ಈಗ ಮಾತನ್ನು ದಾಟಿ ಮನೆಯ ಹೊಸ್ತಿಲಿಗೆ ಬಂದಿತ್ತು. ಚೈತ್ರ ಉಗುರು ಕಚ್ಚಿಕೊಂಡು ನಿಂತಿದ್ದಳು. ಮಸಿ ಒಂದು ಕ್ಷಣ ಬೂಟಿನ ತುದಿ ನೋಡಿಕೊಂಡಳು. ತಾಳ ಬರಿದೇ ಒಂದು ಸುತ್ತು ಹೋಯಿತು. ನನ್ನ ಪೆನ್ಸಿಲು ಗಾಳಿಯಲ್ಲಿ ನಿಂತಿತ್ತು. ಮಾತಾಡಮ್ಮ, ಮಾತಾಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬರೆದುಕೊಳ್ಳುವವಳು ಹಾಗೆಲ್ಲ ಅಂದುಕೊಳ್ಳಬಾರದು. ಅವಳು ತಲೆ ಎತ್ತಿದಳು.

"ಬಾಡಿಗೆ ಅಂದ್ಯಾ ಕನ್ನಡಾನ? ಓನರ್ ನೀನಾ ಅಣ್ಣ?
ಗೋಡೆಗೆ ನಂದೇ ಸುಣ್ಣ ನೋಡು, ಬಾಗ್ಲಿಗ್ ನಂದೇ ಬಣ್ಣ,
ಅಮ್ಮಿ ಕೊಟ್ಟಿದ್ ಒಂದು ಮಾತು, ಊರು ಕೊಟ್ಟಿದ್ ಇನ್ನೊಂದು,
ಎರಡು ರೆಕ್ಕೆ ಇರೋಳ್ ಮುಂದೆ ಕುಂಟ್ತೀಯಾ ಯಾಕ್ ಬಂದು?"

ಪ್ರಕಾಶ್ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಸಾಣೆಯ ಗುಂಪಿನಲ್ಲೇ ಇಬ್ಬರು ಚಪ್ಪಾಳೆ ತಟ್ಟಿದರು. ಸಾಣೆ ನಕ್ಕ, ಆದರೆ ಆ ನಗು ಕಣ್ಣಿನವರೆಗೆ ಹೋಗಲಿಲ್ಲ. ಅವನು ತಲೆ ಬಗ್ಗಿಸಿ ಏನೋ ಗೊಣಗಿಕೊಳ್ಳತೊಡಗಿದ. ಬಾಯಿಪಾಠ ಮಾಡಿಕೊಂಡು ಬಂದಿದ್ದ ಮೂರನೇ ಸುತ್ತನ್ನು ಆಗ ಅವನು ಬಿಟ್ಟುಬಿಟ್ಟ ಎಂದು ನನಗೆ ಆಮೇಲೆ ತಿಳಿಯಿತು.

ಕೊನೆಯ ಸುತ್ತಿಗೆ ಮಸಿ ಮೊದಲು ಹಾಡಬೇಕಿತ್ತು. ನಾಲ್ಕು ಸಾಲು ಪೂರ್ತಿ ಹೇಳುವುದಿಲ್ಲ, ಜನ ಹುಚ್ಚೆದ್ದದ್ದು ಈ ಎರಡಕ್ಕೆ:

"ಡಾಕ್ಟರ್ ಗೀಚಿದ್ ಚೀಟಿ ಓದಿ ಔಷ್ದಿ ಕೊಡೋಳ್ ನಾನು,
ಕೊಬ್ಬಿಗ್ ಮೂರು ಮಾತ್ರೆ ಬರ್ದೆ, ತಗೊಂಡ್ ಹೋಗು ನೀನು!"

ಅವಳು ಅದನ್ನು ಹೇಳಿದ್ದು ಮೂರು ಮೂರು ಮಾತ್ರೆಯ ನಡೆಯಲ್ಲೇ. ನುಂಗುವ ಮಾತ್ರೆಯೂ ಆಯಿತು, ತಾಳದ ಮಾತ್ರೆಯೂ ಆಯಿತು. ಮೇಷ್ಟ್ರು ತೊಡೆ ತಟ್ಟಿಕೊಂಡು ನಕ್ಕರು. ಆ ಗದ್ದಲ ಇಳಿಯುವ ಮೊದಲೇ ಸಾಣೆ ಮೈಕು ತೆಗೆದುಕೊಂಡ. ಅವನ ಹುಡುಗರು ಹುರಿದುಂಬಿಸುತ್ತೇವೆಂದು ತಮಟೆಯನ್ನು ಒಡೆದುಹೋಗುವಂತೆ ಬಡಿದರು. ವಿಕ್ಕಿ ಮೊಬೈಲಿನಲ್ಲಿ ಮಸಿಗೆ ಅಂಕ ಹಾಕುತ್ತಿದ್ದ. ಮೇಷ್ಟ್ರು ಇನ್ನೂ ನಗುತ್ತ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಸಾಣೆಯ ತುಟಿ ಅಲ್ಲಾಡುತ್ತಿತ್ತು, ಸ್ಪೀಕರಿನ ದನಿಯೂ ತಮಟೆಯಲ್ಲಿ ಮುಳುಗಿತ್ತು. ಅವನ ಮೊದಲ ಎರಡು ಸಾಲು, ಅವನ ಕಾಲ ಬಳಿ ಕೂತಿದ್ದ ನನ್ನ ಬಲಗಿವಿಗೆ ಬಿಟ್ಟರೆ ಆ ಪಾರ್ಕಿನಲ್ಲಿ ಯಾರಿಗೂ ಕೇಳಿಸಲಿಲ್ಲ. ತಮಟೆ ನಿಂತ ಮೇಲೆ ಎಲ್ಲರಿಗೂ ಕೇಳಿಸಿದ್ದು ಕೊನೆಯ ಎರಡು ಮಾತ್ರ:

"ಮಾತು ವಾಪಸ್, ಮೈಕು ಇಲ್ಲ, ಅದು ಮಾತ್ರ ನಂದೇ,
ಸಾಲಾಗ್ ನಿಂತ್ಕೋ ತಂಗಿ ನೀನು, ನಾನಿನ್ನೂ ನಿನ್ ಮುಂದೆ!"

ಮುಗಿಯಿತು. ಚೈತ್ರ ತೀರ್ಪುಗಾರರ ಕಡೆ ತಿರುಗಿದಳು. ಮೇಷ್ಟ್ರು, "ಮಸಿ. ಆ ಮಾತ್ರೆಗೆ ನಾನು ಶರಣು" ಎಂದರು. ವಿಕ್ಕಿ, "ಸಾಣೆ. ಎನರ್ಜಿ ನೋಡಿ ಗುರು, ಸ್ಟೇಜೇ ಅಲ್ಲಾಡಿಸಿಬಿಟ್ಟ" ಎಂದ. ಒಂದಕ್ಕೆ ಒಂದು. ಚೈತ್ರ ಬಂದು ನನ್ನ ಕಿವಿಯಲ್ಲಿ ಹೇಳಿದಳು:

"ಆಂಟಿ, ಸಾರಿ. ನೀವೇ ಹೇಳ್ಬೇಕು ಈಗ."

ಸಾಹೇಬರ ಕೋಣೆಯಲ್ಲಿ ಕೂತಂತೆ ನನ್ನ ಬೆನ್ನು ನೆಟ್ಟಗಾಯಿತು. ಆಗ ನೆನಪಾದದ್ದು ಒಂದು ಹಳೆಯ ಸಭೆ. ಆ ಸಭೆಯಲ್ಲಿ ನಮ್ಮ ಸಾಹೇಬರೊಬ್ಬರು, ಒಂದು ಕಡತ ತಡವಾದದ್ದಕ್ಕೆ ಎಲ್ಲರಿಂದ ಬೈಸಿಕೊಳ್ಳುತ್ತಿದ್ದ ಗುಮಾಸ್ತರ ಮುಖ ನೋಡಲಾಗದೆ, "ಪಾಪ, ಅವರದೇನೂ ತಪ್ಪಿಲ್ಲ, ಅದು ನನ್ನ ಮೇಜಿನ ಮೇಲೇ ಇತ್ತು" ಎಂದುಬಿಟ್ಟಿದ್ದರು. ಒಳ್ಳೆಯ ಮಾತು. ಮರುದಿನ ನಾನು ನಡವಳಿ ಟೈಪು ಮಾಡಿ ಒಯ್ದಾಗ ಆ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು, "ಇದನ್ನ ನಾನು ಹೇಳಿಲ್ಲವಲ್ಲ, ವಿಶಾಲಾಕ್ಷಿ" ಎಂದರು. ಹೇಳಿದ್ದರು. ನನ್ನ ಪುಸ್ತಕದಲ್ಲಿತ್ತು. "ಆಯ್ತು ಸರ್" ಎಂದು ಬಂದು ಆ ಸಾಲು ಬಿಟ್ಟು ಟೈಪು ಮಾಡಿದೆ. ಗುಮಾಸ್ತರಿಗೆ ಮೆಮೋ ಹೋಯಿತು. ಅದನ್ನು ಟೈಪು ಮಾಡಿದವಳೂ ನಾನೇ.

ಪಾರ್ಕಿನಲ್ಲಿ ಎದ್ದು ನಿಂತು ಮೈಕು ಕೇಳಿದೆ.

"ತೀರ್ಪಿಗೆ ಮುಂಚೆ ಒಂದು ವಿಷಯ. ಕೊನೇ ಸುತ್ತಿನಲ್ಲಿ ಈ ಹುಡುಗ ಹೇಳಿದ ಮೊದಲ ಎರಡು ಸಾಲು ನಿಮಗೆ ಯಾರಿಗೂ ಕೇಳಿಸಿಲ್ಲ. ನಿಮ್ಮ ತಮಟೆ ನುಂಗಿಹಾಕ್ತು. ಓದ್ತೀನಿ, ಕೇಳಿ."

ತಾಳವಿಲ್ಲದೆ, ರಾಗವಿಲ್ಲದೆ, ಕಚೇರಿಯಲ್ಲಿ ಓದಿ ಹೇಳುತ್ತಿದ್ದ ಅದೇ ಸಪ್ಪೆ ದನಿಯಲ್ಲಿ ಓದಿದೆ:

"ಬಾಡಿಗೆ ಅಂದ ಬಾಯಿ ನಂದು, ವಾಪಸ್ ತಗೋತೀನಿ,
ನಮ್ಮಜ್ಜಿ ಲಾಲಿ ತೆಲುಗ್ನಲ್ಲಿತ್ತು, ಇವತ್ ಒಪ್ಕೋತೀನಿ."

ಮಸಿ ನಿಧಾನವಾಗಿ ಸಾಣೆಯ ಕಡೆ ತಿರುಗಿದಳು. ಸಾಣೆ ಆಕಾಶ ನೋಡುತ್ತಿದ್ದ. ಗೆಲ್ಲಬೇಕಾದ ಕೊನೆಯ ಸುತ್ತಿನ ಅರ್ಧವನ್ನು ಅವನು ತನ್ನ ತಪ್ಪು ಒಪ್ಪಿಕೊಳ್ಳಲು ಖರ್ಚು ಮಾಡಿದ್ದ, ಅದೂ ಪ್ರಾಸ ಬಿಡದೆ. ತಮಟೆಯ ಹುಡುಗರಿಂದ ಮೊದಲ ಚಪ್ಪಾಳೆ ಬಂತು, ಆಮೇಲೆ ಎಲ್ಲ ಕಡೆಯಿಂದ. ಅವನೇ ಗೆದ್ದ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಂತಿತ್ತು. ನನ್ನ ಮನಸ್ಸೂ ಅತ್ತ ವಾಲಿತ್ತು, ಸುಳ್ಳು ಹೇಳಲಾರೆ. ಆದರೆ ನನ್ನನ್ನು ಕೇಳಿದ್ದು ಯಾರು ಒಳ್ಳೆಯವರು ಎಂದಲ್ಲ. ಯಾರ ಮಾತು ಮೇಲು ಎಂದು.

"ಗೆದ್ದಿದ್ದು ಮಸಿ" ಎಂದೆ.

ಗಲಾಟೆ ಎದ್ದಿತು. "ಆ ಅಮ್ಮಂಗೆ ರ‍್ಯಾಪ್ ಏನ್ ಗೊತ್ತು ಮಗಾ!" ಎಂದು ಒಬ್ಬ ಕೂಗಿದ. "ಕಾರಣ ಏಳಿ, ಕಾರಣ!" ಎಂದು ಇನ್ನೊಬ್ಬ.

"ನಿಜ, ನನಗೆ ರ‍್ಯಾಪ್ ಗೊತ್ತಿಲ್ಲ" ಎಂದೆ. "ಬರೆದುಕೊಳ್ಳೋದು ಗೊತ್ತು. ನಮ್ಮ ಲಿಪಿಯಲ್ಲಿ ಒಂದು ಪದಕ್ಕೆ ಒಂದು ಗೆರೆ. ಅದೇ ಪದ ಮತ್ತೆ ಬಂದ್ರೆ ಅದೇ ಗೆರೆ ಮತ್ತೆ ಬರುತ್ತೆ, ಕಣ್ಣಿಗೆ ಹೊಡೆಯುತ್ತೆ. ಕಿವಿಗೆ ಮೋಸ ಮಾಡಬಹುದು, ಹಾಳೆಗೆ ಆಗಲ್ಲ. ಎರಡನೇ ಸುತ್ತಿನಲ್ಲಿ ಸಾಣೆ 'ಬೆಂಕಿ' ಅಂದಿದ್ದು ನಾಲ್ಕು ಸಲ. ಮಸಿಯ ಮೂರು ಸುತ್ತಿನಲ್ಲೂ ಪ್ರಾಸದ ಜಾಗದಲ್ಲಿ ಒಂದೇ ಪದ ಎರಡು ಸಲ ಬಂದಿಲ್ಲ."

ವಿಕ್ಕಿ ತಡೆದ. "ಆಂಟಿ, ಅದು ಹುಕ್ಕು. ಬೇಕಂತಲೇ ಮತ್ತೆ ಮತ್ತೆ ಹೇಳೋದು, ಜನದ ಬಾಯಲ್ಲಿ ನಿಲ್ಲಲಿ ಅಂತ."

ಅವನ ಮಾತಿನಲ್ಲೂ ಹುರುಳಿತ್ತು. ಅದಕ್ಕೆ ನೇರ ಸಾಣೆಯನ್ನೇ ಕೇಳಿದೆ:

"ಮೂರನೇ ಸಲದವರೆಗೆ ನಾನೂ ಹಾಗೇ ಅಂದುಕೊಂಡೆ ಕಣಪ್ಪ. ನಾಲ್ಕನೆಯದು? ಅದೂ ಬೇಕಂತಲೇ ಹೇಳಿದ್ಯಾ, ಇಲ್ಲ ಬೇರೆ ಪದ ಸಿಗಲಿಲ್ವಾ?"

ಎಲ್ಲರೂ ಅವನ ಮುಖ ನೋಡಿದರು. ಬೇಕಂತಲೇ ಎಂದಿದ್ದರೆ ಸ್ಟೆನೋ ಅಮ್ಮ ಅಲ್ಲಿಗೆ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಹುಬ್ಬಳ್ಳಿಯ ಬಸ್ಸೂ ಅವನದಾಗುತ್ತಿತ್ತು. ಅವನು ಕುತ್ತಿಗೆ ಕೆರೆದುಕೊಂಡ.

"ಇಲ್ಲಮ್ಮ, ಬ್ಯಾರೆ ಸಿಗ್ಲಿಲ್ಲ" ಎಂದ. "ಮೂರ್ ದಿನ ಉಡುಕ್ದೆ."

ಇಡೀ ಪಾರ್ಕು ನಕ್ಕಿತು. ಅವನೂ ನಕ್ಕ, ಈ ಸಲ ಆ ನಗು ಕಣ್ಣಿನವರೆಗೂ ಹೋಯಿತು. ವಿಕ್ಕಿ ಕೈಮುಗಿದು ಕೂತ. ಚೈತ್ರ ಮಸಿಯ ಕೈ ಎತ್ತಿ ಹಿಡಿದಳು. ನಾನು ಕೂತೆ. ನಮ್ಮವರು ಬಂದು ಕಾಫಿ ಬಗ್ಗಿಸಿ ಕೊಟ್ಟು, ಎಂದೂ ಇಲ್ಲದ ಮರ್ಯಾದೆಯಿಂದ, "ತಗೊಳ್ಳಿ ಮೇಡಮ್ಮೋರೆ" ಎಂದರು. ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ನನಗೆ ಬಹುವಚನ ಸಿಕ್ಕಿತ್ತು.

ಜನ ಕರಗುತ್ತಿದ್ದಾಗ ಸಾಣೆ ನನ್ನ ಕುರ್ಚಿಯ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ. "ಅಮ್ಮ, ಆ ಬೆಂಕಿ ತೋರ್ಸಿ ನೋಡೋಣ."

ಪುಸ್ತಕ ತಿರುಗಿಸಿ ಬೆರಳಿಟ್ಟು ತೋರಿಸಿದೆ. ಒಂದರ ಕೆಳಗೊಂದು ಅದೇ ದಪ್ಪ ಗೆರೆ, ಅದೇ ಕೊಕ್ಕೆ, ನಾಲ್ಕು.

"ಥೂ! ಒಂದೇ ಮಕ ಅವ್ಕೆ. ಇಂಗೆ ಸಿಕ್ಕಾಕೊಂಡ್ನಾ ನಾನು!" ಆಮೇಲೆ ದನಿ ತಗ್ಗಿಸಿದ. "ನಮ್ಮಜ್ಜಿ ಎಲ್ಲವ್ಳೆ ಇದ್ರಾಗೆ?"

ಆ ಸಾಲನ್ನೂ ತೋರಿಸಿದೆ. ಮೊಬೈಲು ತೆಗೆದು ಅದರ ಫೋಟೋ ಹೊಡೆದುಕೊಂಡ. "ತೋರಿಸ್ತೀನಿ ಅವ್ಳಿಗೆ. ಓದಾಕ್ ಬರಾಕಿಲ್ಲ ಅವ್ಳಿಗೆ."

"ಇದನ್ನ ಓದೋಕೆ ನನ್ನ ಬಿಟ್ಟು ಯಾರಿಗೂ ಬರಲ್ಲ ಕಣಪ್ಪ."

"ಅಂಗಾರೆ ನಮ್ಮಜ್ಜಿ ಒಬ್ಳೇ ಅಲ್ಲ ಬುಡಿ" ಎಂದು ಸಮಾಧಾನಪಟ್ಟುಕೊಂಡ. "ಸೋತ್ರೂ ಪರ್ವಾಗಿಲ್ಲಮ್ಮ. ನಾನ್ ಏಳಿದ್ದ ಪೂರಾ ಕೇಳಿಸ್ಕೊಂಡೋರು ನೀವೊಬ್ರೇ."

ನಿವೃತ್ತಿಯ ದಿನ ಹಾರ ಹಾಕಿ, ಸಾಹೇಬರುಗಳು ಸರದಿಯಂತೆ ಭಾಷಣ ಮಾಡಿದಾಗಲೂ ನನ್ನ ಕೆಲಸ ಏನು ಎಂದು ಯಾರೂ ಹೀಗೆ ಒಂದು ವಾಕ್ಯದಲ್ಲಿ ಹೇಳಿರಲಿಲ್ಲ. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ಅವನಿಗೆ ಕೊಟ್ಟೆ.

ನಾಲ್ಕು ಹೆಜ್ಜೆ ಆಚೆ ಮಸಿ ಕಲ್ಲುಬೆಂಚಿನ ಮೇಲೆ ಒಂದು ಕಾಲಿಟ್ಟು ಫೋನಿನಲ್ಲಿ ತಾಯಿಯ ಜೊತೆ ಮಾತಾಡುತ್ತಿದ್ದಳು. ದಖನಿ ಉರ್ದು, ಅದೂ ಬಲು ಜೋರಿನಲ್ಲಿ, ಕೈಯಾಡಿಸಿಕೊಂಡು, ನಡುನಡುವೆ ನಗುತ್ತ. ಮೂರು ಸುತ್ತಿನ ಹಾಡಿಗೂ ಇಷ್ಟು ವೇಗ ಇರಲಿಲ್ಲ. ನನಗೆ ಒಂದು ಪದವೂ ಹಿಡಿಯಲಿಕ್ಕಾಗಲಿಲ್ಲ. ಮಾತು ಮುಗಿಯುವ ಹಾಗೇ ಕಾಣಲಿಲ್ಲ. ಸಾಣೆ ಕಾಫಿ ಕುಡಿದು ಮುಗಿಸಿ, ಲೋಟ ತೊಳೆದು ತಂದುಕೊಟ್ಟರೂ ನಡೆದೇ ಇತ್ತು. ಕೊನೆಗೆ ಅವಳು ಫೋನು ಚೀಲಕ್ಕೆ ಹಾಕಿಕೊಂಡು ನಮ್ಮ ಕಡೆ ಬಂದಳು. ಇಬ್ಬರೂ ಒಂದು ಗಳಿಗೆ ಮುಖ ನೋಡಿಕೊಂಡರು. ಪ್ರಾಸವಿಲ್ಲದೆ ಅವರು ಹಿಂದೆಂದೂ ಮಾತಾಡಿರಲೇ ಇಲ್ಲವೇನೋ.

"ಏನಂದೆ ನಿಮ್ಮಮ್ಮಂಗೆ?" ಎಂದ ಸಾಣೆ.

"ಗೆದ್ದೆ ಅಂದೆ."

"ಅಷ್ಟ್ ಏಳಾಕೆ ಇಷ್ಟೊತ್ತಾ?"

"ಅದಕ್ಕೆ ಒಂದೇ ನಿಮಿಷ ಆಯ್ತು" ಎಂದಳು ಮಸಿ, ಸ್ಕಾರ್ಫು ಸರಿಮಾಡಿಕೊಳ್ಳುತ್ತ. "ಯಾರ ಮೇಲೆ ಗೆದ್ದೆ ಅಂತ ಕೇಳಿದ್ರು. ಅದನ್ನ ಹೇಳೋಕೆ ಟೈಮ್ ಹಿಡೀತು."